ಒಣಗಿದ ತುಳಸಿಗೂ ಸೊಸೆಯ ಕಾಲ್ಗುಣಕ್ಕೂ ನಂಟಿಲ್ಲ

ಪಿಂಪ್ರಿ-ಚಿಂಚವಾಡದಲ್ಲಿ ಹೊಸ ಮನೆ ಹಿಡಿದಿರುವ, ಹಿಡಿಯಲಿರುವ ಕನ್ನಡದ ಕುಟುಂಬಗಳಿಗೆ, ಅದರಲ್ಲೂ ಆ ಮನೆಗಳ ಹಿರಿಯರಿಗೆ,



ದಸರೆ ಬಂತೆಂದರೆ ನಮ್ಮ ಈ ಊರಿನಲ್ಲಿ ಗೃಹಪ್ರವೇಶಗಳ ಸುಗ್ಗಿ. ವಾಕಡ, ರಾವೇತ, ಪುನಾವಳೆ, ಮೋಶಿ, ಚಿಖಲಿ, ಯಾವ ಕಡೆ ಹೋದರೂ ಮಾವಿನೆಲೆ ತೋರಣ, ಹೊಸ ಬಣ್ಣದ ವಾಸನೆ. ಬೀದರ, ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಬಂದವರ ಮಕ್ಕಳು ಇಂದು ಬ್ಯಾಂಕಿನ ಸಾಲ ಮಾಡಿ ಸ್ವಂತ ಫ್ಲ್ಯಾಟಿನ ಕೀಲಿಕೈ ಹಿಡಿಯುತ್ತಿದ್ದಾರೆ. ನೋಡಿದರೆ ಹೊಟ್ಟೆ ತುಂಬುತ್ತದೆ. ಆದರೆ ಕೀಲಿಕೈ ಹಿಂದೆಯೇ ಒಂದು ಪಟ್ಟಿಯೂ ಆ ಮನೆಗಳಿಗೆ ಬರುತ್ತಿದೆ. ಯಾವ ಗಿಡ ಯಾವ ಮೂಲೆಯಲ್ಲಿದ್ದರೆ ದುಡ್ಡು, ಯಾವುದು ಎಲ್ಲಿದ್ದರೆ ಜಗಳ, ಯಾವುದು ಒಣಗಿದರೆ ಯಾರಿಗೆ ಕೇಡು ಎಂದು ಹೇಳುವ ಪಟ್ಟಿ. ಅದರ ಬಗ್ಗೆ ನಿಮ್ಮೊಡನೆ ಸ್ವಲ್ಪ ಮಾತಾಡಬೇಕಿದೆ.

ನಾನು ವಿಜಯಪುರದಿಂದ ಮದುವೆಯಾಗಿ ನಿಗಡಿ ಪ್ರಾಧಿಕರಣಕ್ಕೆ ಬಂದವಳು. ಇಲ್ಲಿನ ಕಾರ್ಮಿಕರಿಗೆ ಸೂರು ಸಿಗಲೆಂದು 1972ರಲ್ಲಿ ಹುಟ್ಟಿದ ಪ್ರಾಧಿಕರಣದ ಹಳೆಯ ಮನೆಗಳಲ್ಲೊಂದು ನಮ್ಮದು. ಮುಂದೆ ಒಂದಿಷ್ಟು ಅಂಗಳ, ಅಂಗಳದ ತುಂಬ ಗಿಡ. ಗಿಡ ಚೆನ್ನಾಗಿ ಬರುವ ಮನೆಯೆಂದು ಯಾರೋ ಹೇಳಿದ್ದೇ ತಡ, ಸುತ್ತಲಿನ ಕನ್ನಡದ ಹೆಣ್ಣುಮಕ್ಕಳು ಸೊರಗಿದ ಕುಂಡಗಳನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡು ಬರುವುದು ರೂಢಿಯಾಯಿತು. ಸಸ್ಯಶಾಸ್ತ್ರ ಓದಿದವಳಲ್ಲ, ಬಂದ ಗಿಡಗಳನ್ನೂ ತಂದವರ ಮುಖಗಳನ್ನೂ ನೋಡಿದವಳು. ಗಿಡಕ್ಕಿಂತ ಆ ಮುಖಗಳ ಮೇಲಿನ ಹೆದರಿಕೆಯೇ ನನ್ನಿಂದ ಈ ಪತ್ರ ಬರೆಸುತ್ತಿದೆ.

ನಿಮ್ಮ ನಂಬಿಕೆಯ ಜೊತೆ ನನಗೆ ಜಗಳವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲೂ ತುಳಸಿಗೆ ದೀಪ ಇಡುತ್ತೇವೆ, ಕಾರ್ತಿಕದಲ್ಲಿ ತುಳಸಿ ಲಗ್ನ ಮಾಡುತ್ತೇವೆ. ಆಗ್ನೇಯ ಮೂಲೆಯಲ್ಲಿ ಒಂದು ಜೇಡ್ ಗಿಡ ಇಟ್ಟು ನಿಮಗೆ ಸಮಾಧಾನ ಸಿಗುವುದಾದರೆ ಧಾರಾಳವಾಗಿ ಇಡಿ. ನನ್ನ ಮಾತು ಆ ಸಮಾಧಾನ ಭಯವಾಗಿ ತಿರುಗುವ ಗಳಿಗೆಯ ಬಗ್ಗೆ.

ಈ ಪಟ್ಟಿಗಳು ಹೆಸರು ಹೇಳಿಕೊಳ್ಳುವ ಚೀನದ ಫೆಂಗ್ ಶುಯಿ ಏನು ಹೇಳುತ್ತದೆಂಬುದನ್ನು ಅದರದೇ ಲೆಕ್ಕದಲ್ಲಿ ಕೇಳೋಣ. ಎಂಟು ದಿಕ್ಕುಗಳ ಬಾಗುವಾ ನಕ್ಷೆಯಲ್ಲಿ ಪೂರ್ವ ಮತ್ತು ಆಗ್ನೇಯ ಎರಡೂ ಮರದ ತತ್ವಕ್ಕೆ ಸೇರಿದವು. ಪೂರ್ವ ಕುಟುಂಬದ್ದು, ಆರೋಗ್ಯದ್ದು, ಆಗ್ನೇಯ ಸಂಪತ್ತಿನದು. ಹಾಗಾಗಿ ಹಸಿರು ಗಿಡಗಳಿಗೆ ಈ ಎರಡು ದಿಕ್ಕು ಶ್ರೇಷ್ಠ. ಉತ್ತರ ನೀರಿನದು, ನೀರು ಮರವನ್ನು ಸಾಕುತ್ತದೆ, ದಕ್ಷಿಣ ಬೆಂಕಿಯದು, ಮರ ಬೆಂಕಿಯನ್ನು ಸಾಕುತ್ತದೆ, ಎರಡೂ ನಡೆಯುತ್ತವೆ. ನೈರುತ್ಯ, ಈಶಾನ್ಯ ಮತ್ತು ಮನೆಯ ನಟ್ಟನಡುವು ಮಣ್ಣಿನ ಜಾಗಗಳು. ಮರ ಮಣ್ಣಿನ ಬಲವನ್ನು ಹೀರುತ್ತದೆಂದು ಅಲ್ಲಿ ಗಿಡ ಕಡಿಮೆಯಿರಲಿ ಎನ್ನುತ್ತಾರೆ. ಪಶ್ಚಿಮ, ವಾಯವ್ಯ ಲೋಹದವು. ಲೋಹ ಮರವನ್ನು ಕಡಿಯುತ್ತದೆ. ದುಂಡು ಎಲೆ ಒಳ್ಳೆಯದು, ಮುಳ್ಳು ಮತ್ತು ಚೂಪು ಎಲೆ ಕೆಟ್ಟ ಶಕ್ತಿಯ ಬಾಣ ಬಿಡುತ್ತವೆ, ಮಲಗುವ ಕೋಣೆಯಲ್ಲಿ ಹೆಚ್ಚು ಗಿಡ ಬೇಡ. ಮುಖ್ಯವಾದದ್ದು ಇಷ್ಟೇ. ಉಳಿದದ್ದೆಲ್ಲ ಅಂಗಡಿಯವರ ಜೋಡಣೆ.

ಅಂಗಡಿಯವರ ಜೋಡಣೆ ಎಂದದ್ದು ಸುಮ್ಮನೆ ಅಲ್ಲ. ನರ್ಸರಿಯಲ್ಲಿ ಫೆಂಗ್ ಶುಯಿ ಗಿಡಗಳೆಂದು ಬೇರೆ ಸಾಲಿನಲ್ಲಿಟ್ಟು, ಕೆಂಪು ರಿಬ್ಬನ್ನು ಕಟ್ಟಿ, ಎರಡರಷ್ಟು ಬೆಲೆ ಹೇಳುತ್ತಾರಲ್ಲ, ಆ ಗಿಡಗಳ ತವರು ಯಾವುದೆಂದು ಒಮ್ಮೆ ನೋಡಿ. ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ. ಅದು ಡ್ರೆಸಿನಾ ಜಾತಿಯ ಗಿಡ, ಮಧ್ಯ ಆಫ್ರಿಕದ್ದು. ಜೇಡ್ ದಕ್ಷಿಣ ಆಫ್ರಿಕದ್ದು. ಸ್ನೇಕ್ ಪ್ಲ್ಯಾಂಟ್ ಪಶ್ಚಿಮ ಆಫ್ರಿಕದ್ದು, ಜೀಜೀ ಪ್ಲ್ಯಾಂಟ್ ಪೂರ್ವ ಆಫ್ರಿಕದ್ದು. ನಮ್ಮ ಮನೆಮನೆಯ ಮನಿ ಪ್ಲ್ಯಾಂಟ್ ಪೆಸಿಫಿಕ್ ಸಾಗರದ ಮೊರೆಯಾ ಎಂಬ ಸಣ್ಣ ದ್ವೀಪದಿಂದ ಹೊರಟದ್ದು. ಹಳೆಯ ಚೀನದಲ್ಲಿ ಮನೆಗೂ ಸಮಾಧಿಗೂ ಜಾಗ ನೋಡುತ್ತಿದ್ದ ಪಂಡಿತರು ಇವುಗಳಲ್ಲಿ ಒಂದನ್ನೂ ಕಣ್ಣಿನಿಂದ ಕಂಡವರಲ್ಲ. ಅವರಿಗೆ ಪ್ರಿಯವಾದವು ಪ್ಲಮ್ ಹೂ, ಆರ್ಕಿಡ್, ನಿಜವಾದ ಬಿದಿರು ಮತ್ತು ಸೇವಂತಿಗೆ. ಹೌದು, ನಾವು ಮುಡಿಯುವ, ದೇವರಿಗೆ ಏರಿಸುವ ಅದೇ ಸೇವಂತಿಗೆ. ಚೀನದ ಶುಭದ ಗಿಡವೇ ಬೇಕೆನ್ನುವವರು ಪಿಂಪ್ರಿ ಮಂಡಿಯ ಹೂವಿನವಳ ಹತ್ತಿರ ಕಡಿಮೆ ದುಡ್ಡಿನಲ್ಲಿ ಮುಗಿಸಬಹುದಿತ್ತು.

ಇನ್ನು ದಿಕ್ಕಿನ ಮಾತು. ನಮ್ಮ ಹಲವು ಮನೆಗಳಲ್ಲಿ ವಾಸ್ತು ನೋಡುವವರು ಒಬ್ಬರು, ಫೆಂಗ್ ಶುಯಿ ಹೇಳುವವರು ಇನ್ನೊಬ್ಬರು; ಕೆಲವೊಮ್ಮೆ ಒಬ್ಬರೇ ಎರಡನ್ನೂ ಒಂದೇ ಶುಲ್ಕದಲ್ಲಿ ಹೇಳುತ್ತಾರೆ. ಆದರೆ ಎರಡೂ ಒಂದೇ ಮಾತು ಆಡುವುದಿಲ್ಲ. ಈಶಾನ್ಯದಲ್ಲಿ ತುಳಸಿ ಇಡಿ ಎನ್ನುತ್ತದೆ ವಾಸ್ತು. ಈಶಾನ್ಯ ಮಣ್ಣಿನದು, ಗಿಡ ಕಡಿಮೆಯಿರಲಿ ಎನ್ನುತ್ತದೆ ಬಾಗುವಾ. ಸಂಪತ್ತಿನ ಒಡೆಯ ಕುಬೇರ ನಮ್ಮಲ್ಲಿ ಉತ್ತರಕ್ಕಿದ್ದಾನೆ, ಬಾಗುವಾದ ಸಂಪತ್ತು ಆಗ್ನೇಯಕ್ಕಿದೆ. ದಕ್ಷಿಣದ ಬಾಗಿಲೆಂದರೆ ನಮ್ಮವರು ಯಮನ ದಿಕ್ಕೆಂದು ಫ್ಲ್ಯಾಟು ಬಿಟ್ಟು ಬರುತ್ತಾರೆ; ಬೀಜಿಂಗಿನ ಅರಮನೆ ದಕ್ಷಿಣಕ್ಕೇ ಮುಖ ಮಾಡಿದೆ, ಅಲ್ಲಿನ ಚಕ್ರವರ್ತಿ ದಕ್ಷಿಣಕ್ಕೆ ಮುಖ ಮಾಡಿಯೇ ಕೂರುತ್ತಿದ್ದ. ಫೆಂಗ್ ಶುಯಿಯ ಒಳಗೂ ಒಮ್ಮತವಿಲ್ಲ. ಹಳೆಯ ಪಂಥ ದಿಕ್ಸೂಚಿ ಹಿಡಿದು ದಿಕ್ಕು ನೋಡುತ್ತದೆ. 1980ರ ದಶಕದಲ್ಲಿ ಲಿನ್ ಯುನ್ ಎಂಬ ಗುರು ಅಮೆರಿಕದಲ್ಲಿ ಬೆಳೆಸಿದ ಪಂಥಕ್ಕೆ ದಿಕ್ಸೂಚಿಯೇ ಬೇಡ. ಬಾಗಿಲಲ್ಲಿ ನಿಂತು ಒಳಗೆ ನೋಡಿದಾಗ ಎಡಗಡೆಯ ದೂರದ ಮೂಲೆಯೇ ಸಂಪತ್ತಿನ ಮೂಲೆ. ನಿಮ್ಮ ಮೊಬೈಲಿಗೆ ಬಂದ ಪಟ್ಟಿ ಯಾವ ಪಂಥದ್ದೆಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಇದರ ಮೇಲೆ ಮೊಬೈಲಿನ ದಿಕ್ಸೂಚಿ ಬೇರೆ. ಗೋಡೆಯೊಳಗಿನ ಕಬ್ಬಿಣದ ಸರಳು, ಪಕ್ಕದ ಫ್ರಿಜ್ಜು, ಎಲ್ಲವೂ ಅದರ ಮುಳ್ಳನ್ನು ಎಳೆಯುತ್ತವೆ. ಒಂದು ಮನೆಯಲ್ಲಿ ಸಲಹೆಗಾರರು ಹಜಾರದಲ್ಲಿ ತೋರಿಸಿದ ಈಶಾನ್ಯಕ್ಕೂ ಅಡುಗೆಮನೆಯಲ್ಲಿ ತೋರಿಸಿದ ಈಶಾನ್ಯಕ್ಕೂ ತಾಳೆಯಾಗದೆ, ಮನೆಯ ಯಜಮಾನರು ಗಿಡ ಕೈಯಲ್ಲಿ ಹಿಡಿದುಕೊಂಡು ನಡುವೆ ನಿಂತದ್ದನ್ನು ನಾನೇ ನೋಡಿದ್ದೇನೆ. ನಕ್ಕರೆ ಅವರಿಗೆ ಬೇಸರ, ನಗದಿದ್ದರೆ ನನಗೆ ಕಷ್ಟ.

ಈ ಶಾಸ್ತ್ರಗಳೆಲ್ಲ ಎಲ್ಲಿ ಹುಟ್ಟಿದವೋ ಅಲ್ಲಿಯ ಗಾಳಿ, ಬಿಸಿಲು ನೋಡಿ ಹುಟ್ಟಿದವು ಎಂಬುದನ್ನು ಮಾತ್ರ ನಾನು ಗೌರವದಿಂದ ಒಪ್ಪುತ್ತೇನೆ. ಚೀನದಲ್ಲಿ ಚಳಿಗಾಳಿ ಬೀಸುವುದು ಉತ್ತರದಿಂದ. ಅದಕ್ಕೇ ಬೆನ್ನಿಗೆ ಬೆಟ್ಟ, ಮುಂದೆ ನೀರು, ಮುಖ ದಕ್ಷಿಣದ ಬಿಸಿಲಿಗೆ. ನಮ್ಮ ಊರು ಬೀಜಿಂಗ್ ಅಲ್ಲ. ಇಲ್ಲಿ ಮಳೆಗಾಳಿ ಪಶ್ಚಿಮ-ನೈರುತ್ಯದಿಂದ ಬರುತ್ತದೆ. ಪುಣೆ ಇರುವುದು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಉತ್ತರದ ಬಾಲ್ಕನಿಗೆ ಬಿಸಿಲೇ ಇಲ್ಲವೆಂದುಕೊಂಡವರಿಗೆ ಮೇ ತಿಂಗಳಲ್ಲಿ ಎಲೆ ಸುಟ್ಟಾಗ ಆಶ್ಚರ್ಯವಾಗುವುದು ಇದಕ್ಕೇ. ದಕ್ಷಿಣದ ಬಾಲ್ಕನಿಗೆ ಚಳಿಗಾಲದಲ್ಲಿ ಒಳ್ಳೆಯ ಬಿಸಿಲು, ಬೇಸಿಗೆಯಲ್ಲಿ ಮೇಲಿನ ಮನೆಯ ಸ್ಲ್ಯಾಬಿನ ನೆರಳು. ಪೂರ್ವದ್ದು ಎಲ್ಲಕ್ಕಿಂತ ಸೌಮ್ಯ. ಪಶ್ಚಿಮದ್ದು ಏಪ್ರಿಲ್-ಮೇ ಮಧ್ಯಾಹ್ನ ಹೆಂಚಿನ ಹಾಗೆ ಕಾಯುತ್ತದೆ. ಅಲ್ಲಿ ದಾಸವಾಳ, ಬೋಗನ್‌ವಿಲ್ಲಾ, ಲೋಳೆಸರ ಬದುಕುತ್ತವೆ, ಪೀಸ್ ಲಿಲಿ ಬದುಕುವುದಿಲ್ಲ. ಎದುರಿಗೆ ಇನ್ನೊಂದು ಗೋಪುರ ಎದ್ದಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಬಿಟ್ಟುಬಿಡಿ, ನಿಮ್ಮ ಕಿಟಕಿಗೆ ನಿಜವಾಗಿ ಏನು ಬರುತ್ತದೋ ಅದೇ ಲೆಕ್ಕ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಗಿಡ ಕೊಳ್ಳುವ ಮೊದಲು ನಾಲ್ಕಾರು ದಿನ ಆ ಜಾಗದ ಬೆಳಕು ನೋಡಿ. ಮಧ್ಯಾಹ್ನ ಒಂದು ಬಿಳಿ ಹಾಳೆ ಇಟ್ಟು ಅದರ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಹೂವಿನ ಗಿಡಕ್ಕೂ ಆಸೆಪಡಬಹುದು. ಮಸುಕಾಗಿ ಬಿದ್ದರೆ ಮನಿ ಪ್ಲ್ಯಾಂಟ್, ಸ್ನೇಕ್ ಪ್ಲ್ಯಾಂಟ್, ಜೀಜೀ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ, ಯಾವ ದಿಕ್ಕಾದರೂ ಸರಿ. ಕಿಟಕಿಯಿಂದ ಆರು ಹೆಜ್ಜೆ ಒಳಗೆ ಬಂದರೆ ನಮ್ಮ ಕಣ್ಣಿಗೆ ಬೆಳಕು ಅಷ್ಟೇ ಇದ್ದಂತೆ ಕಾಣುತ್ತದೆ, ಗಿಡಕ್ಕೆ ಅದು ಉಪವಾಸ.

ಹಿರಿಯರೇ, ಈಗ ತುಳಸಿಯ ಮಾತಿಗೆ ಬರುತ್ತೇನೆ. ಪತ್ರ ಬರೆದದ್ದೇ ಇದಕ್ಕಾಗಿ.

ನಮ್ಮ ಕಡೆಯವರದೇ ಒಂದು ಮನೆ, ಹನ್ನೆರಡನೆಯ ಮಹಡಿ. ಊರು, ಹೆಸರು ಬೇಡ. ಮದುವೆಯಾಗಿ ಬಂದ ಹುಡುಗಿಗೆ ಇನ್ನೂ ವರ್ಷ ತುಂಬಿರಲಿಲ್ಲ. ದಿಕ್ಕು ನೋಡಿದವರು ತುಳಸಿಯನ್ನು ಈಶಾನ್ಯದಲ್ಲೇ ಇಡಬೇಕೆಂದಿದ್ದರು. ಆ ಮನೆಯ ಈಶಾನ್ಯವೆಂದರೆ ದೇವರ ಕಪಾಟಿನ ಪಕ್ಕದ ಓಣಿ. ಹಗಲಲ್ಲೂ ದೀಪ ಹಾಕಿ ನಡೆಯಬೇಕು. ತುಳಸಿ ಒಣಗಿತು. ಇನ್ನೊಂದು ತಂದರು, ಅದೂ ಒಣಗಿತು. ಅತ್ತೆ ಒಳ್ಳೆಯವರು, ಏನೂ ಅನ್ನಲಿಲ್ಲ. ಹಬ್ಬಕ್ಕೆ ಬಂದ ನೆಂಟರು ಅಂದರು: "ಹೊಸಾ ಸೊಸಿ ಕಾಲಿಟ್ಟ ಮ್ಯಾಲ ಮನ್ಯಾಗ ತುಳಸಿ ನಿಲ್ಲವಲ್ದಲ್ಲಾ." ಆ ಹುಡುಗಿ ನನಗೆ ಫೋನು ಮಾಡಿ ಕೇಳಿದ್ದು ಇಷ್ಟೇ: "ವೈನಿ, ನಿಮ್ಮ ಮನಿ ತುಳಸಿ ಹ್ಯಾಂಗ ಉಳದದರಿ?"

ಹೋಗಿ ಕುಂಡ ಬಗ್ಗಿಸಿದೆ. ಪಿಂಗಾಣಿಯ ಚೆಂದದ ಕುಂಡ, ತಳದಲ್ಲಿ ತೂತೇ ಇಲ್ಲ. ದಿನಾ ಮಿಂದು ತಂಬಿಗೆ ನೀರು ಹಾಕಿದ್ದಾಳೆ ಪಾಪ, ಅಷ್ಟೂ ಒಳಗೇ ನಿಂತಿದೆ. ಬೇರು ಕಂದಾಗಿ ಮೆತ್ತಗಾಗಿ ನಾರುತ್ತಿತ್ತು. ಇದರಲ್ಲಿ ಕಾಲ್ಗುಣ ಎಲ್ಲಿ ಬಂತು? ತೂತಿರುವ ಮಣ್ಣಿನ ಕುಂಡಕ್ಕೆ ಹೊಸ ಸಸಿ ಹಾಕಿ ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿಯಲ್ಲಿ ಬೆಳಗಿನ ಬಿಸಿಲಿಗೆ ಇಟ್ಟೆವು, ಈಗ ಸೊಂಪಾಗಿದೆ. ಆದರೆ ಆಡಿದ ಮಾತು ಆ ಹುಡುಗಿಯ ಮನಸ್ಸಿನಿಂದ ಹೋಗಿದೆಯೆಂದು ನಾನು ಹೇಳಲಾರೆ.

ತುಳಸಿ ಬಿಸಿಲಿನ ಗಿಡ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ಡಿಸೆಂಬರ್-ಜನವರಿಯ ಪುಣೆಯ ಚಳಿಗೆ ಎಲೆ ಉದುರಿಸುವುದು ಅದರ ಸಹಜ ಗುಣ. ಮಂಜರಿ ಬಂದು ಬೀಜ ಕಟ್ಟಿದ ಮೇಲೆ ಗಿಡ ಮುದಿಯಾಗುತ್ತದೆ. ಮಂಜರಿಯನ್ನು ಚಿವುಟುತ್ತಿದ್ದರೆ ಇನ್ನಷ್ಟು ಕಾಲ ಬಾಳುತ್ತದೆ, ಆದರೂ ಅದು ಆಲದ ಮರದಂತೆ ಬಾಳುವ ಗಿಡವಲ್ಲ. ಬೀಜ ಉದುರಿಸಿ ಹೊಸ ಸಸಿ ಎಬ್ಬಿಸಿಕೊಳ್ಳುವುದೇ ನಮ್ಮ ಅಜ್ಜಿಯರ ಕ್ರಮವಾಗಿತ್ತು. ಹಳ್ಳಿಯ ಕಟ್ಟೆಯಲ್ಲಿ ತುಳಸಿ ವರ್ಷಾನುವರ್ಷ ನಿಂತಂತೆ ಕಾಣುವುದು ಬುಡದಲ್ಲಿ ಉದುರಿದ ಬೀಜ ತಾನೇ ಮೊಳೆಯುವುದರಿಂದ. ಮಳೆಗಾಲದ ನಾಲ್ಕು ತಿಂಗಳು ಮೋಡ ಮುಚ್ಚಿ ಕುಂಡದ ಮಣ್ಣು ಆರುವುದೇ ಇಲ್ಲ. ಆಗಲೂ ಬೇಸಿಗೆಯಷ್ಟೇ ನೀರು ಸುರಿದರೆ ತುಳಸಿಯೂ ಕೊಳೆಯುತ್ತದೆ, ದುಡ್ಡಿನ ಗಿಡವೂ ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ತೂರಿಸಿ, ಒಳಗೆ ಒಣಗಿದ್ದರೆ ಮಾತ್ರ ನೀರು ಹಾಕಿ.

ಗಿಡಕ್ಕೆ ಕಾಯಿಲೆ ಬರುವುದು ಕಾರಣದಿಂದಲೇ ಎಂದು ತೋರಿಸಿದ ದೊಡ್ಡ ಕೆಲಸವೊಂದು ಇದೇ ಪಿಂಪ್ರಿಯಲ್ಲಿ ನಡೆದಿದೆ. ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು. 1954ರಲ್ಲಿ ಶುರುವಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್. ಶಿಲೀಂಧ್ರಗಳನ್ನು, ಗಿಡಗಳ ರೋಗಗಳನ್ನು ಬದುಕಿಡೀ ಓದಿದವರು. ಮನುಷ್ಯರ ಬೂಷ್ಟು ರೋಗಗಳಿಗೆ ಹ್ಯಾಮೈಸಿನ್, ಗಿಡಗಳ ಬೂಷ್ಟು ರೋಗಗಳಿಗೆ ಆರಿಯೋಫಂಗಿನ್, ಎರಡೂ 1960ರ ದಶಕದಲ್ಲಿ ಅವರ ತಂಡ ಇಲ್ಲಿನ ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದ ಔಷಧಿಗಳು. ಕನ್ನಡ ನಾಡಿನಿಂದ ಈ ಊರಿಗೆ ಬಂದ ಒಬ್ಬ ಹಿರಿಯರು ಗಿಡ ಯಾಕೆ ಕೊಳೆಯುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಮದ್ದು ಕಂಡುಹಿಡಿದರು. ಅದೇ ಊರಿನಲ್ಲಿ ನಾವು ಗಿಡ ಕೊಳೆತರೆ ಸೊಸೆಯ ಮುಖ ನೋಡುವುದು ಸರಿಯೇ?

ಎರಡನೆಯ ಕೋರಿಕೆ ಹಾಗಾಗಿ ಹಿರಿಯರಿಗೇ. ಮನೆಯಲ್ಲಿ ಗಿಡ ಸತ್ತರೆ ಬೇರು ನೋಡಿ, ಮನೆಮಂದಿಯ ಮುಖ ನೋಡಬೇಡಿ. ನೆಂಟರು ಅಂದರೆ ಅಲ್ಲೇ ತಡೆಯಿರಿ. ತಡೆಯುವ ಆ ಮಾತನ್ನು ಸೊಸೆ ಆಡಿದರೆ ಉದ್ಧಟತನ ಅನಿಸುತ್ತದೆ, ಅತ್ತೆ-ಮಾವ ಆಡಿದರೆ ಅಲ್ಲಿಗೆ ಮುಗಿಯುತ್ತದೆ. ಮನೆಗೆ ಸೊಸೆ ಬಂದ ವರ್ಷವೇ, ಮಗನ ಕೆಲಸ ಹೋದ ವರ್ಷವೇ, ಸಾಲದ ಕಂತು ತಪ್ಪಿದ ತಿಂಗಳೇ ಗಿಡವೂ ಒಣಗಬಹುದು. ಮನಸ್ಸು ಆ ಎರಡನ್ನೂ ಗಂಟುಹಾಕುತ್ತದೆ. ಒಣಗದೆ ಉಳಿದ ಗಿಡಗಳನ್ನು ಅದು ಎಣಿಸುವುದಿಲ್ಲ.

ಶಾಸ್ತ್ರವೇ ಬೇಕೆನ್ನುವವರಿಗೆ ಶಾಸ್ತ್ರದಿಂದಲೇ ಒಂದು ಮಾತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗೆ ಒಂದು ಅಧ್ಯಾಯವಿದೆ, ವೃಕ್ಷಾಯುರ್ವೇದಕ್ಕೆ ಇನ್ನೊಂದು. ಮನೆಯ ಸಮೀಪದ ಮುಳ್ಳಿನ ಮರದಿಂದ ಶತ್ರುಭಯ, ಹಾಲು ಸುರಿಯುವ ಮರದಿಂದ ಧನನಾಶ ಎಂದು ಅಲ್ಲಿದೆ, ನಿಜ. ಪಟ್ಟಿ ಮಾಡುವವರು ಓದುವುದು ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಶ್ಲೋಕದಲ್ಲಿ ಅವನು ಹೇಳುವುದು ಬೇರೆ: ಆ ಮರಗಳನ್ನು ಕಡಿಯುವ ಮನಸ್ಸಿಲ್ಲದಿದ್ದರೆ ಅವುಗಳ ನಡುವೆ ಪುನ್ನಾಗ, ಅಶೋಕ, ಬೇವು, ಬಕುಲ, ಹಲಸು, ಶಮಿ, ಸಾಲ ಇಂಥ ಒಳ್ಳೆಯ ಮರಗಳನ್ನು ನೆಡು. ಒಂದೂವರೆ ಸಾವಿರ ವರ್ಷದ ಹಿಂದಿನ ಪಂಡಿತ ಕೊಟ್ಟ ಪರಿಹಾರ ಕಿತ್ತೆಸೆಯುವುದಲ್ಲ, ಇನ್ನೊಂದು ನೆಡುವುದು. ಅವನು ಹೇಳಿದ್ದೂ ಅಂಗಳದ ಮರಗಳ ಮಾತು. ಹನ್ನೆರಡನೆಯ ಮಹಡಿಯ ಗ್ರಿಲ್ಲಿನ ಕುಂಡದ್ದಲ್ಲ. ನಮ್ಮ ಕನ್ನಡದಲ್ಲೇ ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲೂ ವಾಸ್ತುವೂ ವೃಕ್ಷಾಯುರ್ವೇದವೂ ಒಂದೇ ಹೊತ್ತಗೆಯೊಳಗಿವೆ. ಮನೆ ಎಲ್ಲಿರಬೇಕೆಂದು ಹೇಳುವವನಿಗೆ ಗಿಡಕ್ಕೆ ಏನು ಉಣಿಸಬೇಕೆಂದೂ ಗೊತ್ತಿರಬೇಕೆಂಬುದು ಅಂದಿನ ಲೆಕ್ಕ. ನಿಮ್ಮ ಮನೆಗೆ ಬರುವ ಸಲಹೆಗಾರರಿಗೆ ಈ ಎರಡನೆಯದು ಗೊತ್ತಿದೆಯೇ ಎಂದು ವಿನಯದಿಂದ ಕೇಳಿ ನೋಡಿ.

ಹಾಲು ಬರುವ ಗಿಡವೆಂದು ನಂದಿಬಟ್ಟಲನ್ನು ಕಿತ್ತವರು ನಮ್ಮಲ್ಲಿದ್ದಾರೆ. ಅದೇ ಹೂವನ್ನು ಮಂಡಿಯಿಂದ ಕೊಂಡುತಂದು ಶಿವನಿಗೆ ಏರಿಸುತ್ತಾರೆ. ಮುಳ್ಳೆಂದು ಲಿಂಬಿ ಗಿಡ ಹೊರಗೆ, ಗುಲಾಬಿ ಒಳಗೆ. ಚೆನ್ನಾಗಿರುವ ಗಿಡ ಬೇಡವಾದರೆ ದಯವಿಟ್ಟು ಕಸದ ಡಬ್ಬಿಗೂ ಹಾಕಬೇಡಿ, ಮೋರಯಾ ಗೋಸಾವಿ ಗುಡಿಯ ಘಾಟಿಗೆ ಹೋಗಿ ಪವನಾ ನದಿಗೂ ಬಿಡಬೇಡಿ. ಬೇಸಿಗೆ ಬಂದರೆ ಪವನಾ ನದಿಯನ್ನು ಹಸಿರು ಚಾಪೆಯಂತೆ ಮುಚ್ಚುವ ಜಲಪರ್ಣಿಯೂ ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿಯೇ ನಮ್ಮ ದೇಶಕ್ಕೆ ಬಂದದ್ದು. ಈಗ ವರ್ಷವರ್ಷ ಅದನ್ನು ತೆಗೆಸಲು ಪಾಲಿಕೆ ದುಡ್ಡು ಸುರಿಯುತ್ತಿದೆ. ಬೇಡವಾದ ಕುಂಡವನ್ನು ಸೊಸೈಟಿಯ ಗೇಟಿನ ಬಳಿ ಇಡಿ, ಕಾವಲಿನವರ ಮನೆಗಾದರೂ ಹೋಗಲಿ. ನಮ್ಮ ಅಂಗಳದ ಅರ್ಧ ಗಿಡಗಳು ಹಾಗೆ ಅಶುಭವೆಂದು ಬಂದವೇ. ಅವುಗಳಲ್ಲಿ ಒಂದು ಬೋಗನ್‌ವಿಲ್ಲಾ ಈಗ ಗೇಟಿನ ಕಮಾನು ತುಂಬಿದೆ. ಬಿಟ್ಟುಹೋದವರೇ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಮೂರನೆಯದು ಬಾಟಲಿಯ ಮಾತು, ಇದರಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಮನಿ ಪ್ಲ್ಯಾಂಟನ್ನೂ ಲಕ್ಕಿ ಬ್ಯಾಂಬೂವನ್ನೂ ಗಾಜಿನ ಬಾಟಲಿಯ ನೀರಿನಲ್ಲಿಟ್ಟು ಅಲುಗಾಡಿಸಬಾರದು, ಅಲುಗಾಡಿಸಿದರೆ ಲಕ್ಷ್ಮಿ ಹೋಗುತ್ತಾಳೆ ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಡೆಂಗ್ಯೂ ತರುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಹೆರಿಗೆಮನೆ ಸಿಗಲಿಕ್ಕಿಲ್ಲ. ಅದಕ್ಕೆ ಬೇಕಾದದ್ದು ನಿಂತ ತಿಳಿನೀರು ಮತ್ತು ನೆರಳು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಮೊಟ್ಟೆಯನ್ನು ಅದು ನೀರಿನ ಅಂಚಿಗೆ, ಬಾಟಲಿಯ ಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಅವು ಒಣಗಿ ತಿಂಗಳುಗಟ್ಟಲೆ ಕಾಯಬಲ್ಲವು. 2001ರಲ್ಲಿ ಅಮೆರಿಕದ ಲಾಸ್ ಏಂಜಲೀಸಿಗೆ ಏಷ್ಯಾದ ಹುಲಿಸೊಳ್ಳೆ ಹೋಗಿ ಇಳಿದದ್ದು ಚೀನದಿಂದ ನೀರಿನಲ್ಲಿಟ್ಟು ಕಳಿಸಿದ ಲಕ್ಕಿ ಬ್ಯಾಂಬೂವಿನ ಜೊತೆಯಲ್ಲೇ. ಮಳೆಗಾಲದಲ್ಲಿ ಪಾಲಿಕೆಯವರು ಸೊಸೈಟಿಗಳಿಗೆ ತಪಾಸಣೆಗೆ ಬಂದಾಗ ಟೆರೇಸಿನ ಟಾಕಿಯ ಜೊತೆಗೆ ಇಂಥ ಬಾಟಲಿಗಳನ್ನೂ ನೋಡುತ್ತಾರೆ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಬಾಟಲಿಯ ನೀರು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಕುಂಡದ ಕೆಳಗಿನ ತಟ್ಟೆಯದೂ ಇದೇ ಕತೆ. ಇನ್ನೂ ಸುಲಭವೆಂದರೆ ಎರಡನ್ನೂ ಮಣ್ಣಿಗೆ ಹಾಕಿಬಿಡುವುದು, ಅಲ್ಲಿಯೇ ಅವು ಚೆನ್ನಾಗಿ ಬರುತ್ತವೆ. ಲಕ್ಷ್ಮಿಯ ಮಾತು ನಾನು ಹೇಳುವಂಥದ್ದಲ್ಲ. ಆದರೆ ಮನೆಯ ಮಗು ಡೆಂಗ್ಯೂ ಬಂದು ಆಸ್ಪತ್ರೆ ಸೇರಿದರೆ ಬಿಲ್ಲು ಎಷ್ಟಾಗುತ್ತದೆಂದು ನಿಮಗೂ ಗೊತ್ತು.

ಮಗುವಿನ ಮಾತು ಬಂದದ್ದಕ್ಕೆ ಇದನ್ನೂ ಸೇರಿಸುತ್ತೇನೆ. ಶುಭದ ಪಟ್ಟಿಯಲ್ಲಿರುವ ಮನಿ ಪ್ಲ್ಯಾಂಟ್, ಪೀಸ್ ಲಿಲಿ, ಜೀಜೀ, ಡೀಫನ್‌ಬೇಕಿಯಾ ಎಲ್ಲದರ ಎಲೆಯೊಳಗೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅಂಬೆಗಾಲಿಡುವ ಕೂಸು ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಕೂಸಿರುವ ಮನೆಯಲ್ಲಿ ಇವು ಆಗ್ನೇಯದ ನೆಲದ ಮೇಲಿರುವುದಕ್ಕಿಂತ ಯಾವ ದಿಕ್ಕಿನ ಎತ್ತರದ ಗೂಡಿನಲ್ಲಾದರೂ ಇರಲಿ. ಹಾಗೆಯೇ ಗ್ಯಾಲರಿಯ ಕಟ್ಟೆಯ ಮೇಲೆ ಗ್ರಿಲ್ಲಿಲ್ಲದೆ ಕುಂಡ ಇಡಬೇಡಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆಂಬ ಮಾತು ಈಗ ಫೆಂಗ್ ಶುಯಿಯ ಜೊತೆ ಸೇರಿಕೊಂಡಿದೆ. 1989ರಲ್ಲಿ ನಾಸಾದ ವುಲ್ವರ್ಟನ್ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗದಿಂದ ಹೊರಟ ಮಾತಿದು. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಅಲ್ಲಿಯವರೆಗಿನ ಹಲವು ಪ್ರಯೋಗಗಳನ್ನು ಕೂಡಿಸಿ ಲೆಕ್ಕ ಹಾಕಿದರು: ಸಾಮಾನ್ಯ ಕಟ್ಟಡದಲ್ಲಿ ಹೊರಗಿನ ಗಾಳಿ ಆಡುವುದರಿಂದ ಆಗುವಷ್ಟು ಶುದ್ಧಿ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಕಿಟಕಿ ತೆರೆಯಿರಿ, ಮುಗಿಯಿತು. ಸ್ನೇಕ್ ಪ್ಲ್ಯಾಂಟ್ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆಂಬುದೂ ಹಾಗೆಯೇ. ಅದು ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿಟ್ಟುಕೊಳ್ಳುತ್ತದೆ. ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು.

ನೀರಿನ ವಿಷಯ ನಿಮಗೆ ಬೇರೆ ಹೇಳಬೇಕಿಲ್ಲ. 2019ರ ನವೆಂಬರಿನಿಂದ ಪಾಲಿಕೆಯ ನೀರು ದಿನ ಬಿಟ್ಟು ದಿನ. ಟ್ಯಾಂಕರಿನ, ಬೋರಿನ ನೀರು ಕುಡಿಸಿದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಕುಡಿಯುವ ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು, ಅದನ್ನು ನೆಲ ಒರೆಸಲು ಬಳಸಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಹಾಕಿ. ಎಷ್ಟು ಕುಂಡಕ್ಕೆ ಆ ನೀರು ಸಾಲುತ್ತದೋ ಅಷ್ಟೇ ಗಿಡ ಇಟ್ಟುಕೊಳ್ಳಿ. ಬೇಸಿಗೆಯ ರಜೆಗೆ ಎಲ್ಲರೂ ಊರಿಗೆ ಹೊರಟಾಗ ನೀರು ಹಾಕುವವರು ಯಾರು ಎಂಬುದನ್ನೂ ಕೊಳ್ಳುವ ದಿನವೇ ಯೋಚಿಸಿ. ನೆರೆಯ ಮರಾಠಿ ಕಾಕು ಒಪ್ಪಿಕೊಂಡರೆ ಅವರಿಗೂ ಒಂದು ಕುಂಡ ಕೊಟ್ಟು ಗೆಳೆತನ ಮಾಡಿಕೊಳ್ಳಿ.

ಕೊನೆಯದಾಗಿ, ಗೃಹಪ್ರವೇಶಕ್ಕೆ ಉಡುಗೊರೆ ಒಯ್ಯುವವರಿಗೆ. ಕೆಂಪು ರಿಬ್ಬನ್ನಿನ ಗಿಡ ಒಯ್ದು, ಇದು ಒಣಗದಂತೆ ನೋಡಿಕೊಳ್ಳಿ ಎಂದು ಹೇಳಿ ಬರಬೇಡಿ. ಅದರ ಬದಲು ನಿಮ್ಮ ಕುಂಡದ್ದೇ ದೊಡ್ಡಪತ್ರೆಯ ಒಂದು ಟೊಂಗೆ, ಲೋಳೆಸರದ ಒಂದು ಮರಿ, ದಾಸವಾಳದ ಒಂದು ಕಡ್ಡಿ ಒಯ್ಯಿರಿ. ಬದುಕಿದರೆ ಸಂತೋಷ, ಹೋದರೆ ಇನ್ನೊಂದು ಕೊಡುತ್ತೇನೆಂದು ಬಾಯಿಬಿಟ್ಟು ಹೇಳಿ. ನನ್ನ ಅಂಗಳದಲ್ಲೂ ಇವೆಲ್ಲ ಬೇಕಾದಷ್ಟಿವೆ. ರವಿವಾರ ಬೆಳಿಗ್ಗೆ ಯಾರು ಬಂದರೂ ಕೊಡುತ್ತೇನೆ, ದುಡ್ಡು ಬೇಡ. ತೂತಿರುವ ಒಂದು ಹಳೆಯ ಡಬ್ಬಿ ತನ್ನಿ. ನಿಮ್ಮ ಗ್ಯಾಲರಿಗೆ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆಂದು ನೋಡಿಕೊಂಡು ಬನ್ನಿ. ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಇತಿ ತಮ್ಮ ವಿಶ್ವಾಸಿ,

ನಿಗಡಿ ಪ್ರಾಧಿಕರಣದ ಒಬ್ಬ ಕನ್ನಡ ಗೃಹಿಣಿ
ಪಿಂಪ್ರಿ-ಚಿಂಚವಾಡ, ಪುಣೆ ಜಿಲ್ಲೆ